ಸ್ಟಾರ್ ಹೇಳಿದರೆ ವೋಟು ಬೀಳುತ್ತಾ? ಟ್ರಾನ್ಸ್ ಹಕ್ಕಿನ ಗಲಾಟೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 2013ರಿಂದ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕ್ಯಾರಿ ಎಂಬ ಊರಲ್ಲಿದ್ದೇನೆ. ಗ್ರೀನ್ ಕಾರ್ಡ್ ಸಾಲೇ ಇನ್ನೂ ಕರಗಿಲ್ಲ, ಪೌರತ್ವ ಇನ್ನೂ ದೂರ, ಹಾಗಾಗಿ ವೋಟಿಲ್ಲ. ವೋಟಿಲ್ಲ ಅಂತ ಚುನಾವಣೆ ಜಾಹೀರಾತು ನಮ್ಮನೆ ಟಿವಿ ಬಿಟ್ಟು ಹೋಗುತ್ತದೆಯೇ? ದಿನಕ್ಕೆ ಹತ್ತು ಸಲ ನೋಡಿದ್ದೇವೆ. ದೀಪಾವಳಿ ಊಟದಲ್ಲಿ, ದಾವಣಗೆರೆಯಿಂದ ಬರುವ ಫೋನಿನಲ್ಲಿ, ಅಣ್ಣನ ಮಗಳ ಮೆಸೇಜಿನಲ್ಲಿ ತಿರುಗಿ ತಿರುಗಿ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಉತ್ತರದಲ್ಲಿ ನನ್ನ ಅಭಿಪ್ರಾಯವೂ ಇದೆ, ಮುಚ್ಚಿಟ್ಟಿಲ್ಲ.

## ಶುರುವಿನ ಪ್ರಶ್ನೆಗಳು

ಟ್ರಾನ್ಸ್ ಅಂದ್ರೆ ನಮ್ಮ ಮಂಗಳಮುಖಿಯರೇ ತಾನೇ?

ಸ್ವಲ್ಪ ಹೌದು, ಪೂರ್ತಿ ಅಲ್ಲ. ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿ ಗಂಡು ಅಂತ ಬರೆದಿರುತ್ತಾರೆ. ಬೆಳೆಯುತ್ತಾ ಆ ಮಗುವಿಗೆ ತಾನು ಹೆಣ್ಣು ಅಂತ ಗಟ್ಟಿಯಾಗಿ ಅನ್ನಿಸುತ್ತದೆ, ಹಾಗೇ ಬದುಕಲು ಶುರು ಮಾಡುತ್ತಾಳೆ. ಅವಳು ಟ್ರಾನ್ಸ್ ಮಹಿಳೆ. ಇದರ ಉಲ್ಟಾ ಆದರೆ ಟ್ರಾನ್ಸ್ ಪುರುಷ. ಆಪರೇಷನ್ ಆಗಿರಲೇಬೇಕು ಅಂತೇನಿಲ್ಲ.

ನಮ್ಮಲ್ಲಿ ಇದಕ್ಕೆ ಹಳೆಯ ಜಾಗವೊಂದಿದೆ. ಎಲ್ಲಮ್ಮನ ಜೋಗತಿಯರು, ಜೋಗಪ್ಪಗಳು ಊರಿಗೆ ಹೊಸಬರಲ್ಲ. ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ತಗೊಂಡರು. ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಿಂದ ದೃಷ್ಟಿ ತೆಗೆದಿದ್ದು ನೆನಪಿದೆ ಅಲ್ವಾ? ಅಮೆರಿಕದಲ್ಲಿ ಹಾಗೆ ದೇವರ ಹೆಸರಲ್ಲಿ ಸಿಗುವ ಜಾಗ ಇಲ್ಲ, ಗುರು–ಚೇಲಾ ಅನ್ನುವ ಮನೆತನದಂಥ ವ್ಯವಸ್ಥೆಯೂ ಇಲ್ಲ. ಅಲ್ಲಿ ಟ್ರಾನ್ಸ್ ಅಂದರೆ ಪಕ್ಕದ ಕ್ಯುಬಿಕಲ್‌ನ ಟೆಸ್ಟರ್ ಇರಬಹುದು, ಸೈನಿಕ ಇರಬಹುದು, ಸ್ಕೂಲಿನ ಮೇಷ್ಟ್ರು ಇರಬಹುದು. 13 ವರ್ಷ ದಾಟಿದವರಲ್ಲಿ ನೂರಕ್ಕೆ ಒಬ್ಬರ ಆಸುಪಾಸು. ಈ ಸಂಖ್ಯೆ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿನ ಸಿನಿಮಾದವರು ನಮ್ಮವರ ಹಾಗೆ ರೋಡ್ ಶೋ ಮಾಡ್ತಾರಾ?

ಅಪರೂಪ. 2019ರಲ್ಲಿ ಮಂಡ್ಯದಲ್ಲಿ ದರ್ಶನ್, ಯಶ್ ಇಬ್ಬರೂ ಸುಮಲತಾ ಪರ ಬಿಸಿಲಲ್ಲಿ ಹಳ್ಳಿ ಹಳ್ಳಿ ಸುತ್ತಿದರು. ಜೋಡೆತ್ತು ಅನ್ನಿಸಿಕೊಂಡರು. ಎದುರಾಳಿ ಮುಖ್ಯಮಂತ್ರಿ ಮಗ, ಅವರೂ ನಟರೇ. ಸುಮಲತಾ ಸವಾ ಲಕ್ಷ ವೋಟಿನ ಅಂತರದಲ್ಲಿ ಗೆದ್ದರು. 2023ರಲ್ಲಿ ಸುದೀಪ್ ಬಸವರಾಜ ಬೊಮ್ಮಾಯಿ ಪರ ನಿಂತರು. ಬೊಮ್ಮಾಯಿ ಗೆದ್ದರು, ಅವರ ಪಕ್ಷ 66 ಸೀಟಿಗೆ ಇಳಿಯಿತು. ಮಂಡ್ಯದಲ್ಲಿ ಅಂಬರೀಶ್ ತೀರಿಕೊಂಡ ದುಃಖ ಇನ್ನೂ ಹಸಿಯಾಗಿತ್ತು, ಸ್ಟಾರ್‌ಗಳು ಅದರ ಮೇಲೆ ಬಂದು ನಿಂತರು. ಬರೀ ಸ್ಟಾರ್‌ನಿಂದಲೇ ಆಗಿದ್ದರೆ 2023ರಲ್ಲೂ ಆಗಬೇಕಿತ್ತಲ್ಲ.

ಅಮೆರಿಕದಲ್ಲಿ ಬೆಂಬಲ ಅಂದರೆ ಹೆಚ್ಚಾಗಿ ಒಂದು ಇನ್‌ಸ್ಟಾಗ್ರಾಂ ಪೋಸ್ಟ್. ಜಾಸ್ತಿ ಅಂದರೆ ಒಂದು ಸಮಾವೇಶದಲ್ಲಿ ಹತ್ತು ನಿಮಿಷದ ಮಾತು. ಬೆವರು ಕಡಿಮೆ.

ಟೇಲರ್ ಸ್ವಿಫ್ಟ್ ಹೇಳಿದ್ರೂ ಕಮಲಾ ಸೋತಿದ್ದು ಯಾಕೆ?

2024ರ ಅಧ್ಯಕ್ಷ ಚುನಾವಣೆಗೆ ಮುಂಚೆ, ಸೆಪ್ಟೆಂಬರ್ 10ರಂದು ಟ್ರಂಪ್–ಕಮಲಾ ಹ್ಯಾರಿಸ್ ಚರ್ಚೆ ಮುಗಿದು ಸ್ವಲ್ಪ ಹೊತ್ತಿಗೇ, ಹ್ಯಾರಿಸ್‌ಗೆ ನನ್ನ ವೋಟು ಅಂತ ಹಾಡುಗಾರ್ತಿ ಸ್ವಿಫ್ಟ್ ಪೋಸ್ಟ್ ಬಂತು. ಬೆಕ್ಕು ಎತ್ತಿಕೊಂಡ ಫೋಟೊ. ಹ್ಯಾರಿಸ್ ಜೊತೆ ಉಪಾಧ್ಯಕ್ಷ ಹುದ್ದೆಗೆ ನಿಂತಿದ್ದ ಟಿಮ್ ವಾಲ್ಜ್ ಹಲವು ದಶಕಗಳಿಂದ ಎಲ್‌ಜಿಬಿಟಿ (ಸಲಿಂಗಿ, ಟ್ರಾನ್ಸ್ ಮೊದಲಾದ) ಜನರ ಪರ ನಿಂತವರು ಅಂತಲೂ ಬರೆದಿದ್ದರು. ಅವರು ಕೊಟ್ಟ ಕೊಂಡಿ ಒತ್ತಿ ಒಂದೇ ದಿನದಲ್ಲಿ ಸುಮಾರು 4 ಲಕ್ಷ ಜನ ಸರ್ಕಾರದ ಮತದಾರರ ಮಾಹಿತಿ ಪುಟಕ್ಕೆ ಹೋದರು. ಸಣ್ಣ ಮಾತಲ್ಲ.

ಆದರೆ ಪುಟ ತೆರೆದವರೆಲ್ಲ ಹೆಸರು ನೋಂದಾಯಿಸಲಿಲ್ಲ. ನೋಂದಾಯಿಸಿದವರೆಲ್ಲ ವೋಟು ಹಾಕಲಿಲ್ಲ. ಹಾಕಿದವರಲ್ಲೂ ಎಷ್ಟೋ ಜನ ಮೊದಲೇ ಹ್ಯಾರಿಸ್ ಕಡೆಗಿದ್ದವರು. ಆ ತಿಂಗಳು ಎಬಿಸಿ ಮತ್ತು ಇಪ್ಸೋಸ್ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 81 ಜನ ಸ್ವಿಫ್ಟ್ ಮಾತಿಂದ ನಮಗೇನೂ ಆಗಲ್ಲ ಅಂದರು. 6 ಜನ ಹ್ಯಾರಿಸ್‌ಗೆ ಹಾಕುವ ಮನಸ್ಸು ಜಾಸ್ತಿಯಾಯ್ತು ಅಂದರು. 13 ಜನ ಕಡಿಮೆಯಾಯ್ತು ಅಂದರು!

ಸ್ವಿಫ್ಟ್‌ಗೆ ಇದು ಹೊಸ ಅನುಭವವೂ ಅಲ್ಲ. 2018ರಲ್ಲಿ ಟೆನೆಸಿ ರಾಜ್ಯದ ಸೆನೆಟ್ ಚುನಾವಣೆಯಲ್ಲಿ ಮೊದಲ ಸಲ ಬಾಯಿ ಬಿಟ್ಟಿದ್ದರು. ಅವರು ಬೆಂಬಲಿಸಿದ ಫಿಲ್ ಬ್ರೆಡಸನ್ ನೂರಕ್ಕೆ ಹತ್ತಕ್ಕೂ ಜಾಸ್ತಿ ವೋಟಿನ ಅಂತರದಲ್ಲಿ ಸೋತರು.

ಹಾಗಾದ್ರೆ ಸ್ಟಾರ್ ಮಾತಿಂದ ಯಾವತ್ತೂ ವೋಟು ಬಿದ್ದೇ ಇಲ್ವಾ?

ಬಿದ್ದಿದೆ. 2008ರ ಚುನಾವಣೆಗೆ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಒಬಾಮಾ ಪರ ನಿಂತರು. ಕ್ರೇಗ್ ಗಾರ್ತ್‌ವೇಟ್, ಟಿಮೊತಿ ಮೂರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಜಾಣ ಉಪಾಯ ಮಾಡಿದರು. ಓಪ್ರಾ ಪತ್ರಿಕೆ ಎಲ್ಲಿ ಜಾಸ್ತಿ ಮಾರಾಟವಾಗುತ್ತೆ, ಅವರು ಹೇಳಿದ ಪುಸ್ತಕಗಳನ್ನು ಎಲ್ಲಿ ಜಾಸ್ತಿ ಕೊಳ್ಳುತ್ತಾರೆ ಅಂತ ನೋಡಿ, ಆ ಜಾಗಗಳ ವೋಟಿನ ಜೊತೆ ತಾಳೆ ಹಾಕಿದರು. ಸುಮಾರು 10 ಲಕ್ಷ ವೋಟು ಅಂತ ಲೆಕ್ಕ ಬಂತು. ಅದು ಪಕ್ಷದೊಳಗಿನ ಚುನಾವಣೆ ಅನ್ನುವುದನ್ನು ಮರೆಯಬೇಡಿ. ಒಂದೇ ಪಕ್ಷದ ಇಬ್ಬರಲ್ಲಿ ಒಬ್ಬರನ್ನು ಆರಿಸುವಾಗ "ಯಾರೋ ಹೊಸಬ, ಓಪ್ರಾ ಹೇಳ್ತಿದ್ದಾರೆ, ನೋಡೋಣ" ಅನ್ನಿಸಬಹುದು. ಪಕ್ಷ ಬದಲಾಯಿಸು ಅಂದರೆ ಬೇರೆ ಮಾತು. ಅದು ಮದುವೆಯಾದ ಮೇಲೆ ಮನೆದೇವರು ಬದಲಾಯಿಸು ಅಂದಹಾಗೆ.

ದುಡ್ಡು ತಗೊಂಡು ಹೇಳ್ತಾರಂತೆ, ನಿಜಾನಾ?

2024ರಲ್ಲಿ ಹ್ಯಾರಿಸ್ ಪ್ರಚಾರದ ಖರ್ಚಿನ ಪಟ್ಟಿಯಲ್ಲಿ ಓಪ್ರಾ ಕಂಪನಿಗೆ 10 ಲಕ್ಷ ಡಾಲರ್ ಇತ್ತು, ಹಾಡುಗಾರ್ತಿ ಬಿಯಾನ್ಸೆ ಕಂಪನಿಗೆ 1.65 ಲಕ್ಷ ಡಾಲರ್ ಇತ್ತು. ಕಾರ್ಯಕ್ರಮ ನಡೆಸಿದ ಖರ್ಚು ಅದು, ನಾನು ಒಂದು ಪೈಸೆ ಮುಟ್ಟಿಲ್ಲ ಅಂದರು ಓಪ್ರಾ. ಪಟ್ಟಿ ಯಾರು ಬೇಕಾದರೂ ತೆರೆದು ನೋಡಬಹುದು. ಪೆಂಡಾಲು, ಲೈಟು, ಕ್ಯಾಮೆರಾ ಅಷ್ಟಾಗುತ್ತಾ ಅಂತ ನನಗೂ ಅನ್ನಿಸಿತು. ಆದರೂ ಮಾತಿಗೆ ಬೆಲೆ ಕಟ್ಟಿದರು ಅನ್ನಲು ಅದಷ್ಟೇ ಸಾಲದು.

## ಬೆಂಬಲ, ಬಹಿಷ್ಕಾರ, ತಿರುಗೇಟು

ಬಾತ್‌ರೂಮ್ ಗಲಾಟೆ ಆಗಿದ್ದು ನಿಮ್ಮ ರಾಜ್ಯದಲ್ಲೇ ಅಲ್ವಾ? ಏನದು?

ನಮ್ಮಲ್ಲೇ. 2016ರ ಫೆಬ್ರವರಿಯಲ್ಲಿ ಶಾರ್ಲೆಟ್ ನಗರದವರು ಒಂದು ನಿಯಮ ಮಾಡಿದರು: ಟ್ರಾನ್ಸ್ ಜನ ತಾವು ಹೇಗೆ ಬದುಕುತ್ತಾರೋ ಅದಕ್ಕೆ ತಕ್ಕ ಶೌಚಾಲಯ ಬಳಸಬಹುದು. ರಾಜ್ಯದ ಶಾಸಕರಿಗೆ ಸಿಟ್ಟು ಬಂತು. ಮಾರ್ಚ್ 23ರಂದು ವಿಶೇಷ ಅಧಿವೇಶನ ಕರೆದು, ಒಂದೇ ದಿನದಲ್ಲಿ ಎರಡೂ ಸದನದಲ್ಲಿ ಪಾಸು ಮಾಡಿ, ರಾತ್ರಿಯೊಳಗೆ ಗವರ್ನರ್ ಪ್ಯಾಟ್ ಮೆಕ್ರೋರಿ ಕೈಲಿ ಸಹಿ ಹಾಕಿಸಿದರು. ಅದೇ ಎಚ್‌ಬಿ 2 ಎಂಬ ಕಾನೂನು. ಸರ್ಕಾರಿ ಕಟ್ಟಡ, ಸರ್ಕಾರಿ ಸ್ಕೂಲುಗಳಲ್ಲಿ ಜನನ ಪ್ರಮಾಣಪತ್ರದಲ್ಲಿ ಏನಿದೆಯೋ ಆ ಶೌಚಾಲಯಕ್ಕೇ ಹೋಗಬೇಕು.

ಇದರಲ್ಲಿ ಒಂದು ತಮಾಷೆ ಇದೆ. ಗಡ್ಡ ಬಿಟ್ಟ ಟ್ರಾನ್ಸ್ ಪುರುಷನ ಪ್ರಮಾಣಪತ್ರದಲ್ಲಿ ಹೆಣ್ಣು ಅಂತಿದ್ದರೆ, ಕಾನೂನಿನ ಪ್ರಕಾರ ಅವನು ಹೆಂಗಸರ ಶೌಚಾಲಯಕ್ಕೆ ಹೋಗಬೇಕು. ಅದನ್ನು ನೋಡಿಕೊಳ್ಳುವವರು ಯಾರು, ಬಾಗಿಲಲ್ಲಿ ಪ್ರಮಾಣಪತ್ರ ಕೇಳುವವರು ಯಾರು, ಕಾನೂನಲ್ಲಿ ಒಂದಕ್ಷರ ಇರಲಿಲ್ಲ. ಆ ವಾರ ನಮ್ಮ ಲೈಬ್ರರಿಗೆ ಹೋದಾಗ ಶೌಚಾಲಯದ ಬಾಗಿಲ ಮುಂದೆ ಎಂದಿನಂತೆ ಒಂದು ಹಳದಿ ಬಕೆಟ್, ಒಂದು ಮಾಪ್. ಬೇರೇನೂ ಬದಲಾಗಿರಲಿಲ್ಲ. ಬದಲಾಗಿದ್ದೆಲ್ಲ ಟಿವಿಯಲ್ಲಿ.

ಈ ಕಾನೂನನ್ನು ವಿರೋಧಿಸಿ ಏಪ್ರಿಲ್ 8ರಂದು ರಾಕ್ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನಮ್ಮ ರಾಜ್ಯದ ಗ್ರೀನ್ಸ್‌ಬೊರೊ ಕಾರ್ಯಕ್ರಮ ರದ್ದು ಮಾಡಿದರು. ಕಾರ್ಯಕ್ರಮಕ್ಕೆ ಇದ್ದದ್ದು ಎರಡೇ ದಿನ. ಆಮೇಲೆ ರಾಲಿಯಲ್ಲಿ ಹಾಡಬೇಕಿದ್ದ ಪರ್ಲ್ ಜ್ಯಾಮ್ ತಂಡ, ನಮ್ಮ ಕ್ಯಾರಿಗೇ ಬರಬೇಕಿದ್ದ ಬೀಟಲ್ಸ್ ಖ್ಯಾತಿಯ ರಿಂಗೊ ಸ್ಟಾರ್. ಪೇಪಾಲ್ ಕಂಪನಿ ಶಾರ್ಲೆಟ್‌ನಲ್ಲಿ 400 ಜನರ ಆಫೀಸ್ ತೆರೆಯುವುದು ಬಿಟ್ಟಿತು. ಎನ್‌ಬಿಎ ಬಾಸ್ಕೆಟ್‌ಬಾಲ್‌ನವರು 2017ರ ಆಲ್‌ಸ್ಟಾರ್ ಪಂದ್ಯವನ್ನು ಶಾರ್ಲೆಟ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಒಯ್ದರು.

ಹಾಡುಗಾರರು ಬರದೇ ಇದ್ರೆ ಯಾರಿಗೆ ನಷ್ಟ? ಅದರಿಂದ ಏನು ಸಾಧಿಸಿದ ಹಾಗಾಯ್ತು?

ಆಗ ನನ್ನ ಸಹೋದ್ಯೋಗಿಯೊಬ್ಬಳು ರಿಂಗೊ ಟಿಕೆಟ್ ತಗೊಂಡಿದ್ದಳು. ಅವಳ ಅಪ್ಪನಿಗೆ ಹುಟ್ಟುಹಬ್ಬದ ಉಡುಗೊರೆ. ಇಲ್ಲಿನ ಕೋಕಾ ಬೂತ್ ಬಯಲು ರಂಗಮಂದಿರ ಕೆರೆ ದಂಡೆಯ ಮೇಲಿದೆ, ಸುತ್ತ ಪೈನ್ ಮರ, ಜನ ಚಾಪೆ ಹಾಸಿಕೊಂಡು ಊಟದ ಡಬ್ಬಿ ಬಿಚ್ಚಿ ಕೂರುತ್ತಾರೆ. ಟಿಕೆಟ್ ದುಡ್ಡು ವಾಪಸ್ ಬಂತು. ಅವಳಂದಳು: "ನಾನು ಆ ಕಾನೂನಿನ ವಿರುದ್ಧ ಮೆರವಣಿಗೆಗೆ ಹೋಗಿದ್ದೆ. ಅದಕ್ಕೆ ಸಿಕ್ಕ ಬಹುಮಾನ ನೋಡು." ಗ್ರೀನ್ಸ್‌ಬೊರೊ ಹತ್ತಿರ ಮೋಟೆಲ್ ನಡೆಸುವ ಪರಿಚಯದ ಗುಜರಾತಿಯೊಬ್ಬರು ಆ ಶನಿವಾರ, ಭಾನುವಾರ ರೂಮುಗಳು ಒಂದೊಂದಾಗಿ ಕ್ಯಾನ್ಸಲ್ ಆದ ಕಥೆ ಹೇಳಿದ್ದರು. ರೂಮು ಗುಡಿಸುವ ಹೆಂಗಸರನ್ನು ಆ ಎರಡು ದಿನ ಬರಬೇಡಿ ಅಂದರಂತೆ. ಕಾನೂನು ಮಾಡಿದ ಶಾಸಕರು ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದರು.

ಹಾಗಂತ ಏನೂ ಆಗಲಿಲ್ಲ ಅಂದರೆ ತಪ್ಪಾಗುತ್ತದೆ. ನವೆಂಬರ್‌ನಲ್ಲಿ ಇದೇ ರಾಜ್ಯದಲ್ಲಿ ಟ್ರಂಪ್ 1.7 ಲಕ್ಷ ವೋಟಿಂದ ಗೆದ್ದರು. ಅದೇ ಮತಪತ್ರದಲ್ಲಿದ್ದ ಅವರದೇ ಪಕ್ಷದ ಮೆಕ್ರೋರಿ ಸುಮಾರು 10,000 ವೋಟಿಂದ ಸೋತರು. ಟೋಲ್ ರಸ್ತೆಯ ಸಿಟ್ಟೂ ಅದರಲ್ಲಿತ್ತು ಅನ್ನುತ್ತಾರೆ ಶಾರ್ಲೆಟ್ ಕಡೆಯವರು. 2017ರ ಮಾರ್ಚ್‌ನಲ್ಲಿ ಎಪಿ ಸುದ್ದಿಸಂಸ್ಥೆ ಲೆಕ್ಕ ಹಾಕಿತು: ಕಾನೂನು ಹಾಗೇ ಇದ್ದರೆ 12 ವರ್ಷದಲ್ಲಿ ರಾಜ್ಯಕ್ಕೆ 376 ಕೋಟಿ ಡಾಲರ್ ನಷ್ಟ. ಅದೇ ತಿಂಗಳ 30ರಂದು ಶೌಚಾಲಯದ ನಿಯಮ ರದ್ದಾಯಿತು. ರದ್ದು ಅಂದರೂ ಪೂರ್ತಿ ಅಲ್ಲ. ಯಾವ ನಗರವೂ 2020ರ ಡಿಸೆಂಬರ್‌ವರೆಗೆ ಶಾರ್ಲೆಟ್ ಮಾಡಿದಂಥ ನಿಯಮ ಮಾಡುವ ಹಾಗಿಲ್ಲ ಅಂತ ಒಂದು ಕೊಕ್ಕೆ ಇಟ್ಟೇ ರದ್ದು ಮಾಡಿದರು.

ನನಗೆ ಆ ವರ್ಷದ್ದು ಮನಸ್ಸಲ್ಲಿ ಉಳಿದಿರುವುದು ರದ್ದಾಗದ ಒಂದು ಕಾರ್ಯಕ್ರಮ. ಅಗೇನ್ಸ್ಟ್ ಮಿ! ಎಂಬ ಪಂಕ್ ತಂಡದ ಹಾಡುಗಾರ್ತಿ ಲಾರಾ ಜೇನ್ ಗ್ರೇಸ್ ಸ್ವತಃ ಟ್ರಾನ್ಸ್. ಎಲ್ಲರಿಗಿಂತ ಜಾಸ್ತಿ ಸಿಟ್ಟು ಇರಬೇಕಾದದ್ದು ಅವರಿಗೆ. ಅವರು ಮಾತ್ರ ಬರ್ತೀನಿ ಅಂದರು. ಮೇ 15ರಂದು ಪಕ್ಕದ ಡರ್ಹಮ್‌ಗೆ ಬಂದು, ವೇದಿಕೆ ಮೇಲೆ ತಮ್ಮ ಜನನ ಪ್ರಮಾಣಪತ್ರಕ್ಕೆ ಬೆಂಕಿ ಹಚ್ಚಿ, ಹಾಡಿ ಹೋದರು. ಸಿಂಡಿ ಲಾಪರ್ ರಾಲಿಯಲ್ಲಿ ಹಾಡಿ, ಬಂದ ಲಾಭವನ್ನು ಆ ಕಾನೂನಿನ ವಿರುದ್ಧದ ಹೋರಾಟಕ್ಕೆ ಕೊಟ್ಟರು. ದೂರದಲ್ಲಿದ್ದವರು ರದ್ದು ಮಾಡಿದರು, ವಿಷಯ ಮೈಗೆ ತಾಗಿದವರು ಬಂದರು. ಇದೇ ನಿಯಮ ಅನ್ನಲಾರೆ. ಆ ವರ್ಷ ನಮ್ಮಲ್ಲಿ ಹಾಗಾಯಿತು.

ಕೇಟ್ಲಿನ್ ಜೆನ್ನರ್ ತಾನೇ ಟ್ರಾನ್ಸ್. ಆದ್ರೂ ಟ್ರಂಪ್‌ಗೆ ಹೇಗೆ ಬೆಂಬಲ ಕೊಟ್ರು?

ಜೆನ್ನರ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಡೆಕಾಥ್ಲಾನ್ ಚಿನ್ನ ಗೆದ್ದವರು. 2015ರಲ್ಲಿ ತಾನು ಹೆಣ್ಣು ಅಂತ ಜಗತ್ತಿಗೆ ಹೇಳಿದರು. ಜೊತೆಗೆ ಹಳೆಯ ರಿಪಬ್ಲಿಕನ್, ಅಂದರೆ ಟ್ರಂಪ್ ಪಕ್ಷದವರು. ಟ್ರಾನ್ಸ್ ಆದ ಮಾತ್ರಕ್ಕೆ ತೆರಿಗೆ ಬಗ್ಗೆ, ಸರ್ಕಾರದ ಬಗ್ಗೆ ಅಭಿಪ್ರಾಯ ಬದಲಾಗಬೇಕು ಅಂತ ನಾವು ಯಾಕೆ ಅಂದುಕೊಳ್ಳುತ್ತೇವೋ!

2016ರಲ್ಲಿ ಟ್ರಂಪ್ ಒಂದು ಟಿವಿ ಕಾರ್ಯಕ್ರಮದಲ್ಲಿ, ಜೆನ್ನರ್ ನನ್ನ ಕಟ್ಟಡದಲ್ಲಿ ಯಾವ ಬಾತ್‌ರೂಮ್ ಬೇಕಾದರೂ ಬಳಸಬಹುದು ಅಂದರು. ಜೆನ್ನರ್ ಕೂಡಲೇ ನ್ಯೂಯಾರ್ಕ್‌ನ ಟ್ರಂಪ್ ಇಂಟರ್‌ನ್ಯಾಷನಲ್ ಹೋಟೆಲ್‌ಗೆ ಹೋಗಿ, ಹೆಂಗಸರ ಶೌಚಾಲಯಕ್ಕೆ ಹೋಗಿ ಬಂದು, ವಿಡಿಯೊ ಹಾಕಿ ಥ್ಯಾಂಕ್ಸ್ ಹೇಳಿದರು. ಗೆದ್ದ ಟ್ರಂಪ್ 2017ರ ಫೆಬ್ರವರಿಯಲ್ಲಿ ಸ್ಕೂಲಿನ ಟ್ರಾನ್ಸ್ ಮಕ್ಕಳಿಗೆ ಒಬಾಮಾ ಸರ್ಕಾರ ಕೊಟ್ಟಿದ್ದ ರಕ್ಷಣೆ ತೆಗೆದರು. ಜುಲೈನಲ್ಲಿ ಟ್ರಾನ್ಸ್ ಜನ ಸೈನ್ಯಕ್ಕೆ ಬೇಡ ಅಂದರು. 2018ರ ಅಕ್ಟೋಬರ್‌ನಲ್ಲಿ ಜೆನ್ನರ್ ಪತ್ರಿಕೆಯಲ್ಲಿ ಲೇಖನ ಬರೆದು, ಒಳಗಿದ್ದು ಬದಲಾಯಿಸಬಹುದು ಅಂದುಕೊಂಡಿದ್ದೆ, ನನ್ನ ಲೆಕ್ಕ ತಪ್ಪಿತು ಅಂತ ಒಪ್ಪಿಕೊಂಡರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಹುದ್ದೆಗೆ ನಿಂತರು. ಟ್ರಾನ್ಸ್ ಹುಡುಗಿಯರು ಹುಡುಗಿಯರ ಆಟದಲ್ಲಿ ಬೇಡ ಅಂದರು. ಟ್ರಾನ್ಸ್ ಸಂಘಟನೆಗಳು ದೂರ ನಿಂತವು, ರಿಪಬ್ಲಿಕನ್ನರು ಬೇರೆಯವರಿಗೆ ಹಾಕಿದರು. ಸಿಕ್ಕಿದ್ದು ನೂರಕ್ಕೆ ಒಂದು ವೋಟು. ಅತ್ತ ದರಿ, ಇತ್ತ ಪುಲಿ. 2024ಕ್ಕೆ ಮತ್ತೆ ಟ್ರಂಪ್ ಪರವೇ ಇದ್ದರು.

ಬಿಯರ್ ಕ್ಯಾನ್‌ಗೆ ಯಾಕೆ ಗುಂಡು ಹೊಡೆದ್ರು?

2023ರ ಏಪ್ರಿಲ್ 1ರಂದು ಡಿಲನ್ ಮುಲ್ವೇನಿ ಎಂಬ ಟ್ರಾನ್ಸ್ ಕಲಾವಿದೆ ಇನ್‌ಸ್ಟಾಗ್ರಾಂನಲ್ಲಿ ಬಡ್ ಲೈಟ್ ಬಿಯರ್‌ನ ಸಣ್ಣ ಜಾಹೀರಾತು ಹಾಕಿದರು. ಅವರ ಮುಖ ಇದ್ದ ಒಂದು ಕ್ಯಾನ್ ಕಂಪನಿ ಕಳಿಸಿತ್ತು. ಹಾಡುಗಾರ ಕಿಡ್ ರಾಕ್ ಬಿಯರ್ ಪೆಟ್ಟಿಗೆಗಳಿಗೆ ಬಂದೂಕಿಂದ ಗುಂಡು ಹಾರಿಸಿ ವಿಡಿಯೊ ಮಾಡಿದರು. ಬಹಿಷ್ಕಾರ ಕಾಡ್ಗಿಚ್ಚಿನಂತೆ ಹಬ್ಬಿತು. ಎರಡು ದಶಕ ಅಮೆರಿಕದಲ್ಲಿ ಮಾರಾಟದಲ್ಲಿ ಮೊದಲಿದ್ದ ಬಡ್ ಲೈಟ್ ಎರಡು ತಿಂಗಳೊಳಗೆ ಆ ಜಾಗವನ್ನು ಮೊಡೆಲೊಗೆ ಬಿಟ್ಟುಕೊಟ್ಟಿತು. ಕಂಪನಿ ಎರಡೂ ಕಡೆಯವರಿಗೆ ಹಿತವಾಗುವ ಒಂದು ಹೇಳಿಕೆ ಕೊಟ್ಟು, ಎರಡೂ ಕಡೆ ಬೈಸಿಕೊಂಡಿತು. ಜೂನ್‌ನಲ್ಲಿ ಮುಲ್ವೇನಿ ಹೇಳಿದ್ದು ಕೇಳಿ: ಮನೆಯಿಂದ ಹೊರಗೆ ಕಾಲಿಡಲು ಹೆದರಿದ್ದೆ, ಜನ ಹಿಂಬಾಲಿಸುತ್ತಿದ್ದರು, ಕಂಪನಿಯಿಂದ ಒಬ್ಬರೂ ಫೋನ್ ಮಾಡಲಿಲ್ಲ. ಬಿಯರ್ ಕಂಪನಿಗಳು ಬೇರೆ ಬ್ರ್ಯಾಂಡ್ ಮಾರಿ ಬದುಕುತ್ತವೆ. ಮುಲ್ವೇನಿಗೆ ಇರುವುದು ಒಂದೇ ಮುಖ.

ಹ್ಯಾರಿ ಪಾಟರ್ ಬರೆದವರು ಏನು ಅಂದ್ರು? ಮಗಳು ಬಾಕ್ಸ್ ಸೆಟ್ ಅಟ್ಟಕ್ಕೆ ಹಾಕಿದ್ದಾಳೆ!

ಜೆ.ಕೆ. ರೌಲಿಂಗ್ 2020ರ ಜೂನ್‌ನಲ್ಲಿ, "ಮುಟ್ಟಾಗುವ ಜನ" ಎಂಬ ಪದಬಳಕೆಯನ್ನು ಗೇಲಿ ಮಾಡಿ ಟ್ವೀಟ್ ಮಾಡಿದರು. ಹೆಂಗಸರು ಅನ್ನಲು ಯಾಕೆ ನಾಚಿಕೆ ಅನ್ನುವುದು ಅವರ ಮಾತಿನ ಸಾರ. ಕೆಲವು ದಿನಕ್ಕೆ ಉದ್ದನೆಯ ಲೇಖನ ಬರೆದರು. ಅದರಲ್ಲಿ ತಾನು ಗಂಡನಿಂದ, ಗಂಡಸರಿಂದ ಅನುಭವಿಸಿದ ಹಿಂಸೆಯನ್ನೂ ಹೇಳಿಕೊಂಡರು. ಹೆಂಗಸರಿಗೇ ಮೀಸಲಾದ ಜಾಗಗಳಿಗೆ ಲಿಂಗದ ಗಡಿ ಸಡಿಲವಾದರೆ ಅಪಾಯ ಅನ್ನುವುದು ಅವರ ವಾದ. ಅವರ ಸಿನಿಮಾದಲ್ಲೇ ಬೆಳೆದ ಡೇನಿಯಲ್ ರ್‍ಯಾಡ್‌ಕ್ಲಿಫ್, ಎಮ್ಮಾ ವಾಟ್ಸನ್, ರೂಪರ್ಟ್ ಗ್ರಿಂಟ್ ಮೂವರೂ ಟ್ರಾನ್ಸ್ ಜನರ ಪರ ನಿಂತರು.

ಬೇರೆ ಸ್ಟಾರ್‌ಗಳಿಗೂ ರೌಲಿಂಗ್‌ಗೂ ಒಂದು ವ್ಯತ್ಯಾಸ ಇದೆ. ಅವರು ಪೋಸ್ಟ್ ಹಾಕಿ ಸುಮ್ಮನಾಗಲಿಲ್ಲ, ದುಡ್ಡು ಹಾಕಿದರು. 2024ರಲ್ಲಿ ಫಾರ್ ವಿಮೆನ್ ಸ್ಕಾಟ್ಲೆಂಡ್ ಎಂಬ ಸಂಘಟನೆಯ ಕೋರ್ಟ್ ಖರ್ಚಿಗೆ 70,000 ಪೌಂಡ್ ಕೊಟ್ಟರು. ಅದೇ ಕೇಸಿನಲ್ಲಿ 2025ರ ಏಪ್ರಿಲ್ 16ರಂದು ಬ್ರಿಟನ್ ಸುಪ್ರೀಂ ಕೋರ್ಟ್‌ನ ಐವರೂ ನ್ಯಾಯಾಧೀಶರು ಒಂದೇ ದನಿಯಲ್ಲಿ, 2010ರ ಸಮಾನತಾ ಕಾಯ್ದೆಯಲ್ಲಿ ಹೆಣ್ಣು ಅಂದರೆ ಹುಟ್ಟಿನ ಲಿಂಗ ಅಂದರು. ಟ್ರಾನ್ಸ್ ಜನರಿಗೆ ತಾರತಮ್ಯದಿಂದ ಅದೇ ಕಾಯ್ದೆಯಲ್ಲಿ ಬೇರೆ ರಕ್ಷಣೆ ಇದ್ದೇ ಇದೆ ಅಂತಲೂ ಹೇಳಿದರು. ರೌಲಿಂಗ್ ಸಿಗಾರ್ ಸೇದುವ ಫೋಟೊ ಹಾಕಿದರು.

ಇಷ್ಟು ತೂಕದವರ ಮಾತಿಗೂ ಚುನಾವಣೆಯಲ್ಲಿ ಏನಾಯಿತು ನೋಡಿ. 2008ರಲ್ಲಿ ಲೇಬರ್ ಪಕ್ಷಕ್ಕೆ 10 ಲಕ್ಷ ಪೌಂಡ್ ಕೊಟ್ಟವರು, 2024ರ ಜೂನ್‌ನಲ್ಲಿ ಈ ಸಲ ಲೇಬರ್‌ಗೆ ಹಾಕಲು ಕೈ ಬರುತ್ತಿಲ್ಲ ಅಂದರು. ಎರಡು ವಾರದಲ್ಲಿ ಲೇಬರ್ 400ಕ್ಕೂ ಜಾಸ್ತಿ ಸೀಟು ಗೆದ್ದಿತು.

ಬಾಕ್ಸ್ ಸೆಟ್ ವಿಷಯ ನಿಮ್ಮ ಮಗಳಿಗೇ ಬಿಡಿ. ನಮ್ಮನೆಯದು ಇನ್ನೂ ಶೆಲ್ಫ್‌ನಲ್ಲೇ ಇದೆ, ಹೊಸದು ಕೊಳ್ಳುವುದು ನಿಂತಿದೆ.

ಯಾರೋ ನಟ ಮಂತ್ರಿಗೆ "ಬಾಯಿ ಮುಚ್ಚು" ಅಂದ್ರಂತೆ?

ಡೇವಿಡ್ ಟೆನಂಟ್. 2024ರ ಜೂನ್‌ನಲ್ಲಿ ಲಂಡನ್‌ನ ಒಂದು ಪ್ರಶಸ್ತಿ ಸಮಾರಂಭದಲ್ಲಿ ಟ್ರಾನ್ಸ್ ಹಕ್ಕಿನ ಮಾತೆತ್ತಿ, ಆಗ ಬ್ರಿಟನ್‌ನ ಸಮಾನತೆ ಖಾತೆಯ ಮಂತ್ರಿಯಾಗಿದ್ದ ಕೆಮಿ ಬೇಡೆನಾಕ್ ಸುಮ್ಮನಿದ್ದರೆ ಸಾಕು ಅಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಬೇಡೆನಾಕ್ ಕಪ್ಪು ವರ್ಣದ ಹೆಂಗಸು, ಟೆನಂಟ್ ಬಿಳಿಯ ಶ್ರೀಮಂತ ಗಂಡಸು. ಬಾಯಿ ಮುಚ್ಚಲ್ಲ ಅಂತ ಅವರು ತಿರುಗಿ ಹೇಳಿದ್ದು ಚಪ್ಪಾಳೆಗಿಂತ ದೂರ ಕೇಳಿಸಿತು. ನವೆಂಬರ್‌ನಲ್ಲಿ ಅವರು ಕನ್ಸರ್ವೇಟಿವ್ ಪಕ್ಷದ ನಾಯಕಿಯಾದರು. ಟೆನಂಟ್‌ನಿಂದಲೇ ಆದರು ಅಂತಲ್ಲ. ಆದರೆ ಟ್ರಾನ್ಸ್ ಜನರಿಗಾಗಿ ಬಾಯಿ ತೆಗೆದ ನಟ ಕೊನೆಗೆ ಎದುರಾಳಿಗೆ ಒಂದು ಒಳ್ಳೆ ಡೈಲಾಗ್ ಕೊಟ್ಟುಹೋದರು.

## ಸ್ವಲ್ಪ ಒಳಗಿನ ಪ್ರಶ್ನೆಗಳು

ಆ "ಅವರು–ನೀವು" ಜಾಹೀರಾತೇ ಟ್ರಂಪ್‌ನ ಗೆಲ್ಲಿಸ್ತು ಅಂತಾರೆ. ಹೌದಾ?

2024ರ ಅಕ್ಟೋಬರ್‌ನಲ್ಲಿ ಪಕ್ಕದ ಮನೆಯವರು ಫುಟ್‌ಬಾಲ್ ನೋಡಲು ಕರೆದಿದ್ದರು. ಮೊದಲ ಅರ್ಧದಲ್ಲೇ ಮೂರು ಸಲ ಅದೇ ಜಾಹೀರಾತು. 2019ರಲ್ಲಿ ಹ್ಯಾರಿಸ್ ಕೈದಿಗಳ ಲಿಂಗ ಬದಲಾವಣೆ ಚಿಕಿತ್ಸೆ ಬಗ್ಗೆ ಮಾತಾಡಿದ ತುಣುಕು, ಕೊನೆಗೆ ಒಂದು ಸಾಲು. ಟ್ರಾನ್ಸ್ ಜನರಲ್ಲಿ ಕೆಲವರು ಇಂಗ್ಲಿಷಿನ ಹಿ, ಶಿ ಬಿಟ್ಟು ದೇ, ದೆಮ್ ಅನ್ನುತ್ತಾರಲ್ಲ, ಆ ಪದದ ಮೇಲೆ ಆಟ. ಕನ್ನಡಕ್ಕೆ ತಂದರೆ ಆಟ ಇನ್ನೂ ಚೆನ್ನಾಗಿ ಕೂರುತ್ತದೆ: ಕಮಲಾ ಅವರ ಕಡೆ, ಟ್ರಂಪ್ ನಿಮ್ಮ ಕಡೆ. ನಾವು ಅತ್ತೆ, ಮಾವ, ಮೇಷ್ಟ್ರು ಎಲ್ಲರಿಗೂ "ಅವರು" ಅಂದುಕೊಂಡೇ ಬೆಳೆದವರು. ಗಂಡೋ ಹೆಣ್ಣೋ ಹೇಳದ ಪದ ನಮಗೆ ಮರ್ಯಾದೆಯ ಪದ. ಅದನ್ನು ಬೈಗುಳದ ಹಾಗೆ ಬಳಸಿದ್ದು ನೋಡಿ ನನ್ನ ಹೆಂಡತಿಗೆ ನಗು ಬಂತು, ಆಮೇಲೆ ಬೇಜಾರಾಯಿತು.

ಇಲ್ಲೂ ಒಬ್ಬ ಸೆಲೆಬ್ರಿಟಿ ಇದ್ದಾರೆ, ಅದೂ ಅವರ ಇಷ್ಟಕ್ಕೆ ವಿರುದ್ಧವಾಗಿ. ಕಪ್ಪು ಜನರಲ್ಲಿ ತುಂಬಾ ಹೆಸರಿರುವ ರೇಡಿಯೊ ನಿರೂಪಕ ಶಾರ್ಲಮೇನ್ ದ ಗಾಡ್ ತಮ್ಮ ಕಾರ್ಯಕ್ರಮದಲ್ಲಿ ಆ ಚಿಕಿತ್ಸೆಗೆ ತೆರಿಗೆ ದುಡ್ಡು ಯಾಕೆ ಅಂದಿದ್ದರು. ಟ್ರಂಪ್ ತಂಡ ಆ ತುಣುಕನ್ನೇ ಜಾಹೀರಾತಿಗೆ ಸೇರಿಸಿತು. ಅವರು ವಕೀಲರಿಂದ ನೋಟಿಸ್ ಕಳಿಸಿದರು. ಅಷ್ಟರಲ್ಲಿ ನಮ್ಮ ರಾಜ್ಯದ ಪ್ರತಿ ಹಾಲ್‌ನಲ್ಲೂ ಅದು ಓಡಿಯಾಗಿತ್ತು. ನನ್ನ ಪ್ರಕಾರ ಇಡೀ ಚುನಾವಣೆಯ ಗಟ್ಟಿ ಸೆಲೆಬ್ರಿಟಿ ಬೆಂಬಲ ಅದೇ. ಕೊಟ್ಟವರಿಗೇ ತಾನು ಕೊಟ್ಟಿದ್ದು ಗೊತ್ತಿರಲಿಲ್ಲ!

ಗೆಲ್ಲಿಸಿತಾ? ಟ್ರಾನ್ಸ್ ವಿಷಯದ ಟಿವಿ ಜಾಹೀರಾತಿಗೆ ರಿಪಬ್ಲಿಕನ್ನರು 20 ಕೋಟಿ ಡಾಲರ್‌ಗೂ ಜಾಸ್ತಿ ಸುರಿದರು. ಹ್ಯಾರಿಸ್ ಪರ ಖರ್ಚು ಮಾಡುತ್ತಿದ್ದ ಫ್ಯೂಚರ್ ಫಾರ್ವರ್ಡ್ ಗುಂಪೇ ಅಳೆದು ನೋಡಿದಾಗ, ಆ ಜಾಹೀರಾತು ನೋಡಿದವರಲ್ಲಿ ಒಲವು ಟ್ರಂಪ್ ಕಡೆಗೆ ಶೇಕಡಾ 2.7 ಅಂಶ ವಾಲಿತ್ತು. ಎಪಿ ನಡೆಸಿದ ಮತದಾರರ ಸಮೀಕ್ಷೆಯಲ್ಲಿ ನೂರಕ್ಕೆ 55 ಜನ ಟ್ರಾನ್ಸ್ ಹಕ್ಕಿನ ಬೆಂಬಲ ಅತಿಯಾಯಿತು ಅಂದರು. ಆದರೆ ಆ ವರ್ಷ ಮೊಟ್ಟೆ, ಹಾಲು, ಮನೆ ಬಾಡಿಗೆಯ ಮಾತಾಡದ ಮತದಾರನನ್ನು ನಾನು ಕಂಡಿಲ್ಲ. ಪಕ್ಕದ ಮನೆಯವರು ಮೂರನೇ ಸಲ ಜಾಹೀರಾತು ಬಂದಾಗ ಟಿವಿ ಮ್ಯೂಟ್ ಮಾಡಿ ಅಂದದ್ದು: "ಕೈದಿಗಳ ವಿಷಯ ನನಗೆ ಬೇಕಿಲ್ಲ. ಇವಳು ಇದಕ್ಕೊಂದು ಉತ್ತರ ಯಾಕೆ ಕೊಡಲ್ಲ?" ಹ್ಯಾರಿಸ್ ಕಡೆಯಿಂದ ನೇರ ಉತ್ತರ ಬರಲೇ ಇಲ್ಲ. ನನ್ನ ಮಟ್ಟಿಗೆ ಪೆಟ್ಟು ಬಿದ್ದದ್ದು ಆ ಮೌನಕ್ಕೆ.

ಹೆಣ್ಣುಮಕ್ಕಳ ಆಟದಲ್ಲಿ ಟ್ರಾನ್ಸ್ ಆಟಗಾರ್ತಿಯರು ಅನ್ಯಾಯ ಅಲ್ವಾ? ಹೀಗೆ ಕೇಳಿದ್ರೆ ನಾನು ಕೆಟ್ಟವನಾ?

ಕೆಟ್ಟವರಲ್ಲ. ಗಂಡಿನ ಹದಿಹರೆಯ ದಾಟಿದ ದೇಹಕ್ಕೆ ಎತ್ತರ, ಮೂಳೆ, ಸ್ನಾಯುವಿನಲ್ಲಿ ಲಾಭ ಇರುತ್ತದೆ. ಔಷಧಿಯಿಂದ ಅದು ಎಷ್ಟು ಇಳಿಯುತ್ತೆ ಅನ್ನುವುದು ಆಟದಿಂದ ಆಟಕ್ಕೆ ಬೇರೆ. ಈಜು, ಓಟದ ಮೇಲಿನ ಹಂತದಲ್ಲಿ ಇದು ನಿಜವಾದ ಪ್ರಶ್ನೆ. ಕೇಳಿದವರನ್ನೆಲ್ಲ ದ್ವೇಷಿಗಳು ಅಂದ ಸ್ಟಾರ್‌ಗಳು ತಮ್ಮ ಕಡೆಗೇ ನಷ್ಟ ಮಾಡಿಕೊಂಡರು.

ಆದರೆ ಅಳತೆಯೂ ಗೊತ್ತಿರಲಿ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್ ಸೆನೆಟ್ ಮುಂದೆ ಹೇಳಿದರು: 5.1 ಲಕ್ಷ ಆಟಗಾರರಲ್ಲಿ ಟ್ರಾನ್ಸ್ ಅಂತ ತಮಗೆ ಗೊತ್ತಿರುವವರು 10ಕ್ಕಿಂತ ಕಡಿಮೆ. ಎರಡು ತಿಂಗಳಲ್ಲಿ, ಟ್ರಾನ್ಸ್ ಆಟಗಾರ್ತಿಯರು ಹೆಣ್ಣುಮಕ್ಕಳ ಆಟದಲ್ಲಿ ಬೇಡ ಅಂತ ದೇಶದ ಅಧ್ಯಕ್ಷ ಟ್ರಂಪ್ ಅವರ ಆದೇಶವೇ ಹೊರಟಿತು. ನಾಲ್ಕನೇ ಕ್ಲಾಸಿನ ಖೋಖೋಗೂ ಒಲಿಂಪಿಕ್ ಫೈನಲ್‌ಗೂ ಒಂದೇ ನಿಯಮ ಹಾಕುವುದು ನನಗೆ ಸರಿ ಕಾಣಲ್ಲ.

ಹಾಗಾದ್ರೆ ಸ್ಟಾರ್‌ಗಳು ಸುಮ್ನೆ ಇರೋದೇ ವಾಸಿ ಅಂತೀರಾ?

ಹಾಗನ್ನಲ್ಲ. ಊರಲ್ಲಿ ಒಬ್ಬಳೇ ಇರುವ ಟ್ರಾನ್ಸ್ ಹುಡುಗಿಗೆ ತನಗಿಷ್ಟದ ನಟ ತನ್ನ ಕಡೆ ಅಂತ ಗೊತ್ತಾದರೆ ಅವತ್ತಿನ ರಾತ್ರಿ ಸ್ವಲ್ಪ ಹಗುರ ಆಗಬಹುದು. ಅದನ್ನು ವೋಟಿನಲ್ಲಿ ಅಳೆಯಲು ಬರಲ್ಲ. ನನ್ನ ತಕರಾರು ಇಷ್ಟೇ: ಮಾತಾಡಿದವರು ಒಬ್ಬರು, ತಿರುಗೇಟು ತಿನ್ನುವವರು ಇನ್ನೊಬ್ಬರು. ಸ್ವಿಫ್ಟ್ ಬಾಯಿಬಿಟ್ಟ ಟೆನೆಸಿಯಲ್ಲೇ 2023ರಲ್ಲಿ 18 ದಾಟದ ಟ್ರಾನ್ಸ್ ಮಕ್ಕಳ ಲಿಂಗ ಬದಲಾವಣೆ ಚಿಕಿತ್ಸೆ ನಿಷೇಧವಾಯಿತು. 2025ರ ಜೂನ್‌ನಲ್ಲಿ ದೇಶದ ಸುಪ್ರೀಂ ಕೋರ್ಟ್ 6–3ರಲ್ಲಿ ಅದನ್ನು ಎತ್ತಿಹಿಡಿಯಿತು. ನಮ್ಮ ನಾರ್ತ್ ಕೆರೊಲಿನಾದಲ್ಲೂ 2023ರ ಆಗಸ್ಟ್‌ನಲ್ಲಿ, ಗವರ್ನರ್ ತಡೆದರೂ ಕೇಳದೆ, ಅಂಥದ್ದೇ ಕಾನೂನು ಬಂತು. ಈ ಸಲ ಯಾವ ದೊಡ್ಡ ಹಾಡುಗಾರರೂ ಕ್ಯಾರಿ ಕಾರ್ಯಕ್ರಮ ರದ್ದು ಮಾಡಿದ ನೆನಪು ನನಗಿಲ್ಲ.

ಇನ್ನು ಸ್ಟಾರ್ ಇಲ್ಲದೆ ಆಗಿದ್ದು ಒಂದು ಹೇಳುತ್ತೇನೆ. 2017ರಲ್ಲಿ ಪಕ್ಕದ ವರ್ಜೀನಿಯಾದಲ್ಲಿ ಡ್ಯಾನಿಕಾ ರೋಮ್ ಎಂಬ ಟ್ರಾನ್ಸ್ ಪತ್ರಕರ್ತೆ ಶಾಸಕ ಸ್ಥಾನಕ್ಕೆ ನಿಂತರು. ಎದುರಿಗೆ 1992ರಿಂದ ಆ ಸೀಟಿನಲ್ಲಿದ್ದ ಬಾಬ್ ಮಾರ್ಷಲ್. ಬಾತ್‌ರೂಮ್ ಮಸೂದೆ ತಂದಿದ್ದವರೂ ಅವರೇ. ರೋಮ್ ಮಾತೆಲ್ಲ 28ನೇ ನಂಬರ್ ರಸ್ತೆಯ ಟ್ರಾಫಿಕ್ ಬಗ್ಗೆ. ಬೆಳಗಾದರೆ ಆ ರಸ್ತೆಯಲ್ಲಿ ಸಿಕ್ಕಿಕೊಳ್ಳುವವರು ಆಕೆ ಯಾರು ಅನ್ನುವುದಕ್ಕಿಂತ ಸಿಗ್ನಲ್ ಯಾವಾಗ ಸರಿಹೋಗುತ್ತೆ ಅಂತ ನೋಡಿದರು. ಗೆದ್ದರು.

ನಮ್ಮ ಕನ್ನಡ ಸಂಘದಿಂದ ಒಂದು ಬೆಂಬಲ ಹೇಳಿಕೆ ಕೊಡೋಣ್ವಾ?

ಇದು ನಮ್ಮಲ್ಲೇ ಎರಡು ಸಲ ಬಂದ ಪ್ರಶ್ನೆ. ಕೊಡಬಹುದು. ಅದಕ್ಕೆ ಮೊದಲು ಯಾರ ಹೆಸರಲ್ಲಿ ಕೊಡುತ್ತೀರೋ ಅವರನ್ನು ಒಂದು ಮಾತು ಕೇಳಿ. ನಮ್ಮ ಭಾನುವಾರದ ಕನ್ನಡ ಶಾಲೆಯಲ್ಲಿ ಹದಿನೈದರ ಒಬ್ಬ ಹುಡುಗ ಇದ್ದಾನೆ. ಮೊದಲು ಬೇರೆ ಹೆಸರಲ್ಲಿ ಬರುತ್ತಿದ್ದ. ಸಮಿತಿಯವರು ಉತ್ಸಾಹದಿಂದ ಕಾಮನಬಿಲ್ಲಿನ ಬ್ಯಾನರ್‌ಗೆ ಆರ್ಡರ್ ಕೊಡಲು ಹೊರಟಿದ್ದರು. ಅವನಮ್ಮ ಫೋನ್ ಮಾಡಿ, ಬ್ಯಾನರ್ ಬೇಡ, ಹಾಜರಿ ಕೂಗುವಾಗ ಹೊಸ ಹೆಸರು ಕೂಗಿ, ರಾಜ್ಯೋತ್ಸವದ ನಾಟಕದಲ್ಲಿ ಹುಡುಗರ ಸಾಲಿನಲ್ಲಿ ನಿಲ್ಲಿಸಿ, ಅಷ್ಟು ಸಾಕು ಅಂದರು. ಹಾಜರಿ ಪುಸ್ತಕ ನನ್ನ ಹತ್ತಿರವೇ ಇತ್ತು, ಅವತ್ತೇ ತಿದ್ದಿದೆ. ನಾಟಕದಲ್ಲಿ ಅವನಿಗೆ ಸಿಕ್ಕಿದ್ದು ಕಾವಲುಗಾರನ ಪಾತ್ರ. ಮೀಸೆ ಎರಡು ಸಲ ಉದುರಿತು.